ಹೆಬ್ಬಾಳದಿಂದ ಜಪಾನಿಗೆ: ಮೊದಲ ದಿನವೇ ಸರಸ್ವತಿ ದರ್ಶನ!

"ಮಗಳನ್ನ ಸ್ಕೂಲಿಂದ ಜಪಾನಿಗೆ ಕಳಿಸ್ತೀರಾ?" ಅಂತ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಕೇಳಿ ನೋಡಿ. "ಮೈಸೂರು ಟೂರಿಗೇ ದುಡ್ಡು ಹೊಂದಿಸೋಕಾಗಲ್ಲ, ಜಪಾನಂತೆ!" ಎಂಬ ಉತ್ತರ ಗ್ಯಾರಂಟಿ.

ಆದರೆ ದಾರಿಯಿದೆ ಸ್ವಾಮಿ. ಜಪಾನ್ 2014ರಲ್ಲಿ ಆರಂಭಿಸಿದ 'ಸಕುರಾ' ವಿಜ್ಞಾನ ಯೋಜನೆಯಲ್ಲಿ 2016ರಿಂದ ನಮ್ಮ ದೇಶದ ಶಾಲಾ ಮಕ್ಕಳೂ ಹೋಗಿಬರುತ್ತಿದ್ದಾರೆ. ಖರ್ಚು ಅವರದು. ಮಗುವಿನ ಬಂಡವಾಳ ಒಂದು ಹೊಸ ಐಡಿಯಾ. ಕೇಂದ್ರದ 'ಇನ್‌ಸ್ಪೈರ್-ಮಾನಕ್' ಸ್ಪರ್ಧೆಯಲ್ಲಿ ಜಿಲ್ಲೆ, ರಾಜ್ಯ ದಾಟಿ ರಾಷ್ಟ್ರಮಟ್ಟದಲ್ಲಿ ಗೆದ್ದವರಿಗೆ ಈ ಅವಕಾಶ.

ಟೋಕಿಯೋದಲ್ಲಿ ಮೊದಲ ದಿನ ಊರು ನೋಡಲು ಹೊರಟ ವಿದ್ಯಾರ್ಥಿಗೆ ಗಡಿಯಾರವೇ ಮೊದಲ ಬೆರಗು. ಇಲ್ಲಿ ಅಮ್ಮ ಬೆಳಗ್ಗೆ ಆರಕ್ಕೆ ಹಾಲು ಕಾಯಿಸುವಾಗ ಅಲ್ಲಿ ಒಂಬತ್ತೂವರೆ!

ಆಸಾಕುಸದ ಸೆನ್ಸೋಜಿ ದೇವಾಲಯದ ಬಾಗಿಲಲ್ಲಿ ಸುಮಾರು 700 ಕಿಲೋದ ಕೆಂಪು ಲಾಂದ್ರ. 1865ರಲ್ಲಿ ಸುಟ್ಟುಹೋದ ಆ ದ್ವಾರವನ್ನು 1960ರಲ್ಲಿ ಮತ್ತೆ ಕಟ್ಟಿಸಿಕೊಟ್ಟವರು ಮತ್ಸುಶಿತಾ. ನಮ್ಮ ಮನೆಗಳಲ್ಲಿ ಹಾಡಿದ 'ನ್ಯಾಷನಲ್ ಪ್ಯಾನಾಸೋನಿಕ್' ಟೇಪ್ ರೆಕಾರ್ಡರ್ ಕಂಪನಿಯ ಸ್ಥಾಪಕರು. ಒಳಗೆ ಕಾಲಿಟ್ಟರೆ ಎರಡೂ ಕಡೆ ಅಂಗಡಿ ಸಾಲು, ಥೇಟ್ ನಮ್ಮ ಜಾತ್ರೆ ಬೀದಿ.

ಅಲ್ಲಿಂದ ಉಯೆನೊ. ತಾವರೆ ಕೆರೆಯ ನಡುವೆ ಬೆಂಝೈತೆನ್ ಗುಡಿ. ಯಾರೀಕೆ? ಬೌದ್ಧ ಧರ್ಮದ ಜತೆ ಚೀನಾ ಹಾದು ಜಪಾನ್ ಸೇರಿದ ನಮ್ಮ ಸರಸ್ವತಿಯೇ! ಆಕೆಯ ವಾದ್ಯ, ವೀಣೆಯಂಥ ಬೀವಾ.

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿ ಬಂದವರು. ಆ ಕಡೆ ಹೋಗುವ ಬಸ್ಸು ಇದೇ ಹೆಬ್ಬಾಳದ ಮೇಲೆ ಹಾಯುತ್ತದೆ. ಮಗಳ ತಲೆಯಲ್ಲಿ ಐಡಿಯಾ ಇದ್ದರೆ ನಾಳೆಯೇ ಹೆಡ್‌ಮಾಸ್ಟರನ್ನ ಕೇಳಿ!