ಯಂತ್ರದೊಡನೆ ಮಾತುಕತೆ

ಜವಳಿ ಅಂಗಡಿಯಲ್ಲಿ ಎರಡು ಬಗೆಯ ಗಿರಾಕಿಗಳನ್ನು ಕಾಣುತ್ತೇವೆ. ಬಟ್ಟೆಯ ಹೆಸರು, ಅಳತೆ, ಬಣ್ಣಗಳನ್ನು ಬಲ್ಲವನು ನಿಂತ ನಿಲುವಿನಲ್ಲಿಯೇ ಕೇಳಿ ಪಡೆಯುವನು. ಅವನ್ನರಿಯದವನು ಕಪಾಟಿನ ಕಡೆಗೆ ಬೆರಳು ತೋರಿಸುವನು. ಇಬ್ಬರಿಗೂ ಬಟ್ಟೆ ದೊರೆಯುವುದು. ಕಂಪ್ಯೂಟರಿನಿಂದ ಕೆಲಸ ತೆಗೆದುಕೊಳ್ಳುವ ಕ್ರಮಗಳಲ್ಲಿಯೂ ಇಂತಹುದೇ ಭೇದವುಂಟು. ಆ ಯಂತ್ರವು ಈಗ ಫೋನಿನ ರೂಪದಲ್ಲಿ ಮನೆಮನೆಗೂ ಬಂದಿರುವುದರಿಂದ, ಈ ಭೇದವನ್ನು ಗೃಹಸ್ಥರೆಲ್ಲರೂ ಅರಿತಿರುವುದು ಲೇಸೆಂದು ನಾವು ಭಾವಿಸುತ್ತೇವೆ.

ಮೊದಮೊದಲು ಯಂತ್ರದೊಡನೆ ನೇರವಾದ ಮಾತೇ ಇರಲಿಲ್ಲ. ರಟ್ಟಿನ ಚೀಟಿಗಳಲ್ಲಿ ರಂಧ್ರಗಳನ್ನು ಕೊರೆದು ಯಂತ್ರಶಾಲೆಯವರ ಕೈಗೆ ಒಪ್ಪಿಸಿ, ಉತ್ತರಕ್ಕಾಗಿ ಗಂಟೆಗಟ್ಟಲೆ ಕಾಯಬೇಕಾಗಿತ್ತು. ಅನಂತರ ಬೆರಳಚ್ಚಿನ ಮೂಲಕ ಆಜ್ಞೆ ಕೊಡುವ ಪದ್ಧತಿಯು ಬಂದಿತು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1969ರಲ್ಲಿ ಹುಟ್ಟಿದ ಯೂನಿಕ್ಸ್ ವ್ಯವಸ್ಥೆಯೂ, 1981ರಲ್ಲಿ ಐ.ಬಿ.ಎಂ. ಯಂತ್ರಗಳೊಡನೆ ಬಂದ ಡಾಸ್ ವ್ಯವಸ್ಥೆಯೂ ಈ ಬಗೆಯವು. ಇಲ್ಲಿ ಆಜ್ಞೆಗಳನ್ನು ಕಂಠಪಾಠ ಮಾಡಿರಬೇಕು. ಒಂದಕ್ಷರ ತಪ್ಪಿದರೂ ಕೆಲಸ ನಡೆಯದು. ಆದರೆ ಬಲ್ಲವನು ಒಂದೇ ಪಂಕ್ತಿಯಿಂದ ಸಾವಿರ ಕಡತಗಳ ಹೆಸರನ್ನು ಬದಲಿಸಬಲ್ಲನು. ಆದುದರಿಂದಲೇ ನಿಪುಣರು ಇಂದಿಗೂ ಈ ಪದ್ಧತಿಯನ್ನು ಕೈಬಿಟ್ಟಿಲ್ಲ.

ಬೆರಳು ತೋರಿಸುವ ಪದ್ಧತಿಗೆ ದಾರಿಮಾಡಿದವರಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬವರು ಪ್ರಮುಖರು. ಅವರ ತಂಡದವರು ನಿರ್ಮಿಸಿದ ಮೊದಲನೆಯ 'ಮೌಸ್' ಮರದ ಒಂದು ಚಿಕ್ಕ ಪೆಟ್ಟಿಗೆ. ಅದರ ಅಡಿಯಲ್ಲಿ ಎರಡು ಚಕ್ರಗಳಿದ್ದವು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಭೆಯೊಂದರಲ್ಲಿ ಅವರು ಅದರ ಉಪಯೋಗವನ್ನು ತೋರಿಸಿದರು. 1973ರಲ್ಲಿ ಜೆರಾಕ್ಸ್ ಸಂಸ್ಥೆಯ ಆಲ್ಟೊ ಯಂತ್ರವೂ, 1984ರಲ್ಲಿ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಯಂತ್ರವೂ ಈ ಮಾರ್ಗವನ್ನು ಮುಂದುವರಿಸಿದವು. ಪರದೆಯು ಮೇಜಿನಂತಾಯಿತು, ಅದರ ಮೇಲೆ ಕಾಗದ, ಕಡತ, ಕಸದ ಬುಟ್ಟಿಗಳ ಚಿತ್ರಗಳು ಮೂಡಿದವು.

ಎರಡು ಪದ್ಧತಿಗಳ ಗುಣವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಪತ್ರವನ್ನು ಅಳಿಸಬೇಕೆನ್ನೋಣ. ಯೂನಿಕ್ಸಿನಲ್ಲಿ 'ಆರ್‌ಎಂ' ಎಂಬ ಎರಡಕ್ಷರದ ಆಜ್ಞೆಯನ್ನೂ ಪತ್ರದ ಹೆಸರನ್ನೂ ಬರೆದರಾಯಿತು. ಸಾಮಾನ್ಯವಾಗಿ ಯಂತ್ರವು ಮರುಮಾತಾಡದೆ ಅದನ್ನು ಅಳಿಸಿಬಿಡುವುದು. ಚಿತ್ರಪದ್ಧತಿಯಲ್ಲಿ ಪತ್ರವನ್ನು ಎಳೆದು ಬುಟ್ಟಿಗೆ ಹಾಕುತ್ತೇವೆ. ಬುಟ್ಟಿಯನ್ನು ಬರಿದುಮಾಡುವ ಮೊದಲು ಮನಸ್ಸು ಬದಲಾದರೆ ಅದನ್ನು ಮರಳಿ ತೆಗೆಯಬಹುದು. ತಪ್ಪು ಮಾಡುವುದು ಮನುಷ್ಯಸ್ವಭಾವವೆಂಬುದನ್ನು ಒಪ್ಪಿಕೊಂಡದ್ದೇ ಈ ಪದ್ಧತಿಯ ಹಿರಿಮೆ.

2007ರಲ್ಲಿ ಐಫೋನ್ ಬಂದ ಮೇಲೆ ಮೌಸಿನ ಕೆಲಸವನ್ನು ಬೆರಳೇ ವಹಿಸಿಕೊಂಡಿತು. 2011ರಲ್ಲಿ ಅದೇ ಫೋನಿಗೆ 'ಸಿರಿ' ಎಂಬ, ಮಾತನ್ನು ಕೇಳಿ ನಡೆಯುವ ವ್ಯವಸ್ಥೆಯು ಸೇರಿತು. ಅಕ್ಷರ ಬಾರದವರಿಗೂ ದೃಷ್ಟಿಯಿಲ್ಲದವರಿಗೂ ವಾಕ್ಪದ್ಧತಿಯು ದೊಡ್ಡ ಉಪಕಾರ. ಆದರೆ ಮಾತಿಗೆ ಹಲವು ಅರ್ಥಗಳುಂಟು. ಯಂತ್ರವು ಒಂದನ್ನು ಇನ್ನೊಂದಾಗಿ ತಿಳಿಯುವುದೂ ಉಂಟು.

ನಮ್ಮ ನುಡಿಯ ಸಂಗತಿಯನ್ನೂ ಇಲ್ಲಿ ಹೇಳಬೇಕು. ಹಳೆಯ ಆಜ್ಞೆಗಳೆಲ್ಲ ಇಂಗ್ಲಿಷಿನವು. ಚಿತ್ರಕ್ಕೆ ಆ ತೊಡಕಿಲ್ಲ. ಬರೆಯುವುದಕ್ಕಾದರೋ ಅಕ್ಷರಗಳು ಬೇಕು. ಕೆ. ಪಿ. ರಾವ್ ಅವರು ಉಚ್ಚಾರಣೆಯನ್ನನುಸರಿಸಿ ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದ ಸಾಮಾನ್ಯ ಕೀಲಿಮಣೆಯಲ್ಲಿಯೇ ಕನ್ನಡವನ್ನು ಬರೆಯುವುದು ಸುಲಭವಾಯಿತು.

ಸುಲಭವಾದುದೆಲ್ಲ ನಿರಪಾಯವಲ್ಲವೆಂಬುದನ್ನು ಮಾತ್ರ ಮರೆಯಲಾಗದು. ಆಜ್ಞೆಯನ್ನು ಬರೆಯುವವನು ತಾನೇನು ಮಾಡುತ್ತಿರುವೆನೆಂದು ಹೇಳಿಯೇ ಮಾಡುವನು. ಚಿತ್ರವನ್ನು ಮುಟ್ಟುವವನು ಅರಿಯದೆಯೂ ಮಾಡಿಬಿಡಬಹುದು. ಫೋನಿನ ಮೂಲಕ ಹಣ ಕಳುಹಿಸುವ ಯು.ಪಿ.ಐ. ಪದ್ಧತಿಯು 2016ರಲ್ಲಿ ನಮ್ಮ ದೇಶದಲ್ಲಿ ಮೊದಲಾಯಿತು. 'ನಿಮಗೆ ಹಣ ಬರುವುದು, ಇದನ್ನು ಒತ್ತಿ, ರಹಸ್ಯ ಸಂಖ್ಯೆಯನ್ನು ಬರೆಯಿರಿ' ಎಂದು ಹೇಳಿ ವಂಚಿಸುವವರು ಈ ಅರಿವಿಲ್ಲದ ಬೆರಳನ್ನೇ ನಂಬಿರುವರು. ಹಣವನ್ನು ಪಡೆಯುವುದಕ್ಕೆ ರಹಸ್ಯ ಸಂಖ್ಯೆಯು ಬೇಕಿಲ್ಲ. ಕೊಡುವುದಕ್ಕೆ ಮಾತ್ರ ಬೇಕು. ಇದೊಂದನ್ನು ಮನೆಯ ಹಿರಿಯರಿಗೆ ಸಾವಧಾನವಾಗಿ ತಿಳಿಸಿಕೊಟ್ಟರೆ ಎಷ್ಟೋ ನಷ್ಟವು ತಪ್ಪುವುದು.

ಮನೆಯ ಹುಡುಗರು ಅಜ್ಜ ಅಜ್ಜಿಯರ ಕೈಯಿಂದ ಫೋನನ್ನು ಕಸಿದುಕೊಂಡು ತಾವೇ ಒತ್ತಿ ಕೊಡುವುದುಂಟು. ಅದರಿಂದ ಕೆಲಸವು ಬೇಗನೆ ಮುಗಿಯುವುದು, ಕಲಿಕೆಯು ಮಾತ್ರ ಆಗದು. ಪಕ್ಕದಲ್ಲಿ ಕುಳಿತು, ಅವರ ಬೆರಳಿನಿಂದಲೇ ಒತ್ತಿಸಿ, ಒತ್ತುವ ಮೊದಲು 'ಇದರಿಂದ ಏನಾಗುವುದು?' ಎಂದು ಅವರ ಬಾಯಿಂದಲೇ ಹೇಳಿಸಬೇಕು. ಪದ್ಧತಿಯು ಯಾವುದೇ ಆಗಲಿ, ಮಾಡುವುದನ್ನು ತಿಳಿದು ಮಾಡಿದರೆ ಯಂತ್ರವು ನಮ್ಮ ಆಳಾಗಿಯೇ ಇರುವುದು.