ಉತ್ತರ ಸಮುದ್ರದ ಪ್ರಾಣಿಪ್ಲವಕಗಳು: ಋತುಮಾನ ಮತ್ತು ಸಂಖ್ಯೆ

ನಮ್ಮ ಪ್ರಾಚೀನ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರ ಮತ್ತು ಋತುಗಳು ಬೇರೆ ಬೇರೆ ಅಂಗಗಳಾಗಿ ಪರಿಗಣಿತವಾಗಿವೆ. ಕಡಲಿನೊಳಗಣ ಋತುಚಕ್ರವನ್ನು ಅರಿಯಲು ನಾವು ವಿಜ್ಞಾನವನ್ನು ಆಶ್ರಯಿಸಬೇಕಾಗುತ್ತದೆ.

ನೀರಿನ ಹರಿವಿಗೆ ಒಳಗಾಗಿ ತೇಲುವ ಜೀವಿಗಳಿಗೆ ಜರ್ಮನಿಯ ವಿಕ್ಟರ್ ಹೆನ್ಸೆನ್ 1887ರಲ್ಲಿ ‘ಪ್ಲಾಂಕ್ಟನ್’ ಎಂಬ ಹೆಸರಿತ್ತನು. ಗ್ರೀಕ್ ಮೂಲದಲ್ಲಿ ಅದರ ಅರ್ಥ ‘ಅಲೆಯುವುದು’. ಕನ್ನಡದ ‘ಪ್ಲವಕ’ಕ್ಕೆ ‘ತೇಲುವುದು’ ಎಂದರ್ಥ. ಎರಡೂ ಪದಗಳು ಈ ಜೀವಿಗಳನ್ನು ನಿಷ್ಕ್ರಿಯವೆಂದು ಧ್ವನಿಸುತ್ತವೆ. ಇದು ಪೂರ್ಣಸತ್ಯವಲ್ಲವೆಂಬುದಕ್ಕೆ ‘ಕ್ಯಾಲನಸ್ ಫಿನ್ಮಾರ್ಕಿಕಸ್’ ಸಾಕ್ಷಿಯಾಗಿದೆ.

ಅಕ್ಕಿಕಾಳಿಗಿಂತ ದೊಡ್ಡದಲ್ಲದ, ಸೀಗಡಿ–ಏಡಿಗಳ ದೂರದ ಬಂಧುವಾದ ಈ ಪ್ರಾಣಿ ಚಳಿಗಾಲವನ್ನು ಉತ್ತರ ಅಟ್ಲಾಂಟಿಕ್‌ನಲ್ಲಿ, ಸಾಮಾನ್ಯವಾಗಿ 500 ಮೀಟರಿಗೂ ಕೆಳಗೆ, ಪ್ರೌಢಾವಸ್ಥೆಗೆ ಒಂದೇ ಹಂತ ಉಳಿದಿರುವಾಗ, ಕೂಡಿಟ್ಟ ಕೊಬ್ಬನ್ನೇ ನೆಚ್ಚಿ ಸುಪ್ತವಾಗಿ ಕಳೆಯುತ್ತದೆ. ಚಳಿಗಾಲ ಮುಗಿಯುತ್ತಿರಲು ಮೇಲೇರಿ ಮೊಟ್ಟೆಯಿಡುತ್ತದೆ. ಬಿರುಗಾಳಿಗಳು ಕಲಕಿ ಮೇಲೆ ತಂದ ಲವಣಗಳಿಗೆ ವಸಂತದ ಬೆಳಕು ಕೂಡಿದಾಗ ಸಸ್ಯಪ್ಲವಕಗಳು ಹುಲುಸಾಗಿ ಬೆಳೆಯುತ್ತವೆ. ಮರಿಗಳಿಗೆ ಅದೇ ಮೇವು. ಬೇಸಗೆಯಲ್ಲಿ ಕಾದ ಮೇಲ್ಪದರವು ಕೆಳನೀರಿನೊಡನೆ ಬೆರೆಯದು. ಲವಣ ತೀರುತ್ತದೆ, ಮೇವು ಕುಗ್ಗುತ್ತದೆ, ಸಂಖ್ಯೆ ಇಳಿಯುತ್ತದೆ.

ಬ್ರಿಟನ್–ನಾರ್ವೆಗಳ ನಡುವಣ ಉತ್ತರ ಸಮುದ್ರದ ಬಹುಭಾಗಕ್ಕೆ ಅಂತಹ ಆಳವಿಲ್ಲ. ಅಲ್ಲಿಯ ಸಂತತಿಯು ಪ್ರತಿ ವಸಂತದಲ್ಲಿಯೂ ಬಹುಮಟ್ಟಿಗೆ ಹೊರಗಣ ಆಳಸಾಗರದಿಂದ ಪ್ರವಾಹದೊಡನೆ ಬಂದು ತುಂಬಿಕೊಳ್ಳಬೇಕು. ಆದಕಾರಣ ಕರಾವಳಿಯ ಎಣಿಕೆಯನ್ನು ಕರಾವಳಿಯ ಉಷ್ಣತೆಯೊಂದರಿಂದಲೇ ವಿವರಿಸುವುದು ಸಾಧುವಲ್ಲವೆಂದು ನಮ್ಮ ಅಭಿಪ್ರಾಯ.

ಆಲಿಸ್ಟರ್ ಹಾರ್ಡಿ ರೂಪಿಸಿದ ಉಪಕರಣವನ್ನು 1931ರಿಂದ, ಮಹಾಯುದ್ಧದ ವರ್ಷಗಳನ್ನು ಬಿಟ್ಟು, ಸರಕುಹಡಗುಗಳು ಈ ಸಮುದ್ರದಲ್ಲಿ ಎಳೆಯುತ್ತ ಬಂದಿವೆ. ಅದರೊಳಗೆ ಸುರುಳಿಬಿಚ್ಚುವ ರೇಷ್ಮೆಪಟ್ಟಿಯ ಮೇಲೆ ಪ್ಲವಕಗಳು ಸೆರೆಯಾಗುತ್ತವೆ. ಇಷ್ಟು ದೀರ್ಘವಾದ ‘ಹಸ್ತಪ್ರತಿ’ಯನ್ನು ಕಂಡು ಗ್ರಂಥಸಂಪಾದಕರಾದ ನಮಗೆ ಅಸೂಯೆಯಾದರೆ ಆಶ್ಚರ್ಯವಿಲ್ಲ. 1980ರ ದಶಕದಿಂದೀಚೆಗೆ ನೀರು ಬೆಚ್ಚಗಾದಂತೆ ಫಿನ್ಮಾರ್ಕಿಕಸ್ ಕಡಮೆಯಾಗಿ, ಅದರ ದಾಯಾದಿಯಾದ ‘ಕ್ಯಾಲನಸ್ ಹೆಲ್ಗೊಲ್ಯಾಂಡಿಕಸ್’ ಹೆಚ್ಚಿತೆಂಬುದು ಈ ದಾಖಲೆಯಿಂದ ವಿದಿತವಾಗುತ್ತದೆ. ಮೇಲುನೋಟಕ್ಕೆ ಎರಡೂ ಒಂದೇ. ಆದರೆ ಮೊದಲನೆಯದರ ಸಮೃದ್ಧಿ ವಸಂತದಲ್ಲಿ. ಎರಡನೆಯದರದು ಬೇಸಗೆಯ ಕೊನೆಗೆ ಮತ್ತು ಶರತ್ಕಾಲದಲ್ಲಿ. ಕಾಡ್ ಮೀನಿನ ಮರಿಗಳು ಬಾಯ್ದೆರೆಯುವುದು ವಸಂತದಲ್ಲಿ. ಎರಡನ್ನೂ ಕೂಡಿಸಿ ಬರೆದ ವಾರ್ಷಿಕ ಮೊತ್ತದಲ್ಲಿ ಈ ವ್ಯತ್ಯಾಸ ಕಾಣದು; ತಿಂಗಳ ಲೆಕ್ಕದಲ್ಲಿ ಮಾತ್ರ ಕಾಣುತ್ತದೆ.

ಮರಿ ಮತ್ತು ಮೇವುಗಳ ಕಾಲ ಹೊಂದದಿದ್ದರೆ ಮೀನಿನ ಪೀಳಿಗೆಯೇ ಸೊರಗುವುದೆಂದು ಡೇವಿಡ್ ಕುಶಿಂಗ್ ಪ್ರತಿಪಾದಿಸಿದ್ದನು. 2003ರಲ್ಲಿ ಗ್ರೆಗೊರಿ ಬೊಗ್ರಾಂ ಮತ್ತು ಸಂಗಡಿಗರು ಉತ್ತರ ಸಮುದ್ರದ ಕಾಡ್ ಕ್ಷೀಣಿಸಿದುದನ್ನು ಈ ಪ್ಲವಕ ವ್ಯತ್ಯಯದೊಡನೆ ಜೋಡಿಸಿ ತೋರಿಸಿದರು. ಅತಿಯಾದ ಮೀನುಗಾರಿಕೆಯ ಹೊಣೆ ಇದರಿಂದ ಕಡಮೆಯಾಗುವುದಿಲ್ಲ. ಎರಡು ಕಾರಣಗಳೂ ಅಲ್ಲಿ ಒಂದರ ಮೇಲೊಂದು ಬಿದ್ದಿವೆ.