ಪರಲೋಕದ ಭಯವಿಲ್ಲದೆ ನೀತಿ ನಿಲ್ಲಬಲ್ಲುದೆ?

ಸ್ವರ್ಗದ ಆಸೆಯೂ ನರಕದ ಭಯವೂ ಇಲ್ಲದಿದ್ದರೆ ಮನುಷ್ಯನು ಏತಕ್ಕಾಗಿ ಒಳ್ಳೆಯವನಾಗಿರಬೇಕು? ಈ ಪ್ರಶ್ನೆ ಬಹಳ ಹಳೆಯದು. ಮಾನವತಾವಾದವು ಇದಕ್ಕೆ ಕೊಡುವ ಉತ್ತರ ಸರಳವಾಗಿದೆ: ನೀತಿಯ ಅಳತೆಗೋಲು ಇರುವುದು ಪರಲೋಕದಲ್ಲಲ್ಲ, ಸಹಮಾನವರ ಸುಖದುಃಖಗಳಲ್ಲಿ.

ಈ ಮಾತನ್ನು ಒಂದು ಉದಾಹರಣೆಯಿಂದ ಪರೀಕ್ಷಿಸೋಣ. ಬೆಳಗಾವಿಯ ನೆಹರು ನಗರದಲ್ಲಿ, 1963ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವಿದೆ. ಇಂತಹ ವಿದ್ಯಾಲಯಗಳಲ್ಲಿ ಮೊದಲ ಪಾಠಗಳಲ್ಲೊಂದು ಅಂಗರಚನಾಶಾಸ್ತ್ರ. ಚಿತ್ರಗಳಿಂದಷ್ಟೇ ಅದನ್ನು ಕಲಿಯುವುದು ಸಾಲದು. ರಕ್ತನಾಳಗಳೂ ನರಗಳೂ ಕವಲೊಡೆಯುವ ಬಗೆ ದೇಹದಿಂದ ದೇಹಕ್ಕೆ ತುಸು ಬೇರೆಯಾಗಿರುವುದು. ಆದುದರಿಂದ ಶವಚ್ಛೇದನ ಬೇಕು. ಅದಕ್ಕೆ ಯಾರಾದರೂ ತಮ್ಮ ದೇಹವನ್ನು ಕೊಡಬೇಕು.

ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ಅವರು ಹಾಗೆ ಕೊಟ್ಟವರು. ಅವರು 2008ರಲ್ಲಿ ತೀರಿಕೊಂಡರು. 2010ರಲ್ಲಿ ಅವರ ಮಗ, ಬೆಳಗಾವಿಯ ಆಯುರ್ವೇದ ಮಹಾವಿದ್ಯಾಲಯವೊಂದರ ಅಂಗರಚನಾಶಾಸ್ತ್ರದ ಅಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ, ತಂದೆಯ ಇಚ್ಛೆಯಂತೆ ಆ ದೇಹವನ್ನು ವಿದ್ಯಾರ್ಥಿಗಳೆದುರು ತಾವೇ ಛೇದಿಸಿದರು. ದಾನಿಯ ನಂಬಿಕೆ ಏನೆಂಬುದು ಇಲ್ಲಿ ಪ್ರಶ್ನೆಯಲ್ಲ. ಈ ಕಾರ್ಯ ಒಳ್ಳೆಯದೇಕೆ ಎಂಬುದನ್ನು ಯಾವ ಶಾಸ್ತ್ರವಚನದ ನೆರವೂ ಇಲ್ಲದೆ ಹೇಳಬಹುದು: ಇದರಿಂದ ಮುಂದಿನ ರೋಗಿಯ ನೋವು ಕಡಮೆಯಾಗುವುದು. ಆಸ್ತಿಕನಿಗೂ ನಾಸ್ತಿಕನಿಗೂ ಈ ಕಾರಣ ಸಮಾನವಾಗಿ ತಿಳಿಯುತ್ತದೆ.

ಇಂತಹ ಕನಿಕರ ಎಲ್ಲಿಂದ ಬಂದಿತು? ಸಂಘಜೀವಿಗಳ ಸಹಜಪ್ರವೃತ್ತಿಗೆ ಬುದ್ಧಿಶಕ್ತಿ ಕೂಡಿದಾಗ ನೀತಿಪ್ರಜ್ಞೆ ಹುಟ್ಟುತ್ತದೆಂದು ಡಾರ್ವಿನ್ 1871ರಲ್ಲಿ ವಾದಿಸಿದನು. ಆದರೆ ಪ್ರವೃತ್ತಿಯೊಂದೇ ಸಾಲದು. ತನ್ನ ಗುಂಪನ್ನು ಪ್ರೀತಿಸಲು ಕಲಿಸುವ ಪ್ರವೃತ್ತಿಯೇ ಹೊರಗಿನವನನ್ನು ದ್ವೇಷಿಸಲೂ ಪ್ರೇರಿಸಬಹುದು. ಹೊರಗಿನವನಿಗೂ ನೋವು ನಮ್ಮಂತೆಯೇ ಎಂದು ತೋರಿಸಿ, ಕನಿಕರದ ವಲಯವನ್ನು ಹಿಗ್ಗಿಸುವುದು ವಿವೇಕದ ಕೆಲಸ.

ಹಾಗಾದರೆ ಬಹುಜನರ ಉಪಯೋಗಕ್ಕಾಗಿ ಏನನ್ನಾದರೂ ಮಾಡಬಹುದೆ? ಮಾಡಲಾಗದು. ಒಪ್ಪಿಗೆಯಿಲ್ಲದೆ ಕದ್ದು ತಂದ ಶವದಿಂದಲೂ ಪಾಠ ಕಲಿಯಬಹುದು. ಆದರೂ ಅದು ಅನ್ಯಾಯ. ಏಕೆಂದರೆ ಮೃತನ ಇಚ್ಛೆಗೂ ಅವನ ಬಂಧುಗಳ ದುಃಖಕ್ಕೂ ಅದೇ ಅಳತೆಗೋಲಿನಲ್ಲಿ ಸ್ಥಾನವುಂಟು. ಹೀಗೆ ಮಾನವತಾವಾದವು ಮನುಷ್ಯನನ್ನು ಕೇವಲ ಸಾಧನವಾಗಿ ಬಳಸುವುದನ್ನು ಒಪ್ಪುವುದಿಲ್ಲ.

ಈ ನೀತಿ ಸುಲಭವಾದುದೆಂದು ತಿಳಿಯಬಾರದು. ಇಲ್ಲಿ ಪಾಪವನ್ನು ತೊಳೆಯುವ ತೀರ್ಥವಿಲ್ಲ; ಮಾಡಿದ ಕೇಡನ್ನು ಕೇಡುಂಡವನಿಗೇ ಸರಿಪಡಿಸಿ ಕೊಡಬೇಕು. ನೋಡುವವರು ಯಾರೂ ಇಲ್ಲದಾಗಲೂ ಇನ್ನೊಬ್ಬನ ನೋವು ನೋವಾಗಿಯೇ ಉಳಿಯುವುದರಿಂದ, ಹೊಣೆಯೂ ನಮ್ಮ ಮೇಲೆಯೇ ಉಳಿಯುತ್ತದೆ.